ಗದ್ದೆಗೆ ಸೆಣಬು: ಯಾವಾಗ ಮಗುಚಬೇಕು?

ಭತ್ತದ ನಾಟಿಗೆ ಮುಂಚೆ ಹಸಿರು ಗೊಬ್ಬರಕ್ಕೆ ಅಂತ ಸೆಣಬು ಬಿತ್ತುವುದರಲ್ಲಿ ಯಾರೂ ಎಡವುವುದಿಲ್ಲ. ಎಡವುವುದು ಅದನ್ನು ಮಣ್ಣಿಗೆ ಸೇರಿಸುವಾಗ. ಗಿಡ ಇನ್ನೂ ಎತ್ತರ ಬರಲಿ, ಗೊಬ್ಬರ ಜಾಸ್ತಿ ಆಗುತ್ತೆ ಅಂತ ಕಾಯುತ್ತಾರೆ. ಆಮೇಲೆ ಪೈರು ಹಳದಿಯಾಯಿತು ಅಂತ ಯೂರಿಯಾ ಚೆಲ್ಲುತ್ತಾರೆ. ಯೂರಿಯಾ ಉಳಿಸೋಕೆ ತಾನೇ ಸೆಣಬು ಬಿತ್ತಿದ್ದು?

ಕೃತ್ತಿಕೆ ಮಳೆಗೆ ಒಂದು ಉಳುಮೆ ಮಾಡಿ, ಎಕರೆಗೆ 12ರಿಂದ 15 ಕೆಜಿ ಬೀಜ ಎರಚಿ, ಕುಂಟೆ ಹೊಡೆಯಿರಿ. ಬಿತ್ತನೆ ಅಷ್ಟೇ. ನೀರು ನಿಲ್ಲುವ ಗದ್ದೆ ಅಥವಾ ಚೌಳು ಮಣ್ಣಾದರೆ ಮಾತ್ರ ಡಯಾಂಚ ಎಂಬ ಇನ್ನೊಂದು ಹಸಿರು ಗೊಬ್ಬರದ ಗಿಡ ಹಾಕಿ. ಅದಕ್ಕೆ 20 ಕೆಜಿ ಬೇಕು. ಸಿಪ್ಪೆ ಗಟ್ಟಿ, ರಾತ್ರಿ ನೆನೆಸಿಡಿ. ಉಳಿದ ಕಡೆ ನನ್ನ ಓಟು ಸೆಣಬಿಗೇ. ಬೀಜಕ್ಕೆ ಹಚ್ಚುವ ರೈಜೋಬಿಯಂ ಪೊಟ್ಟಣವನ್ನು ಅಂಗಡಿಯವರು ಬಿಸಿಲಿಗೆ ಇಟ್ಟಿದ್ದರೆ ಕೊಳ್ಳಬೇಡಿ. ಒಳಗಿರುವುದು ಜೀವಾಣು, ಬಿಸಿಗೆ ಸಾಯುತ್ತೆ.

ನಲವತ್ತು ದಿನ ದಾಟಿದ ಮೇಲೆ ಬದುವಿನಿಂದ ನೋಡಿದರೆ ಸಾಲದು, ಗದ್ದೆಗೆ ಇಳಿಯಿರಿ. ಒಂದು ಗಿಡವನ್ನು ಸಲಿಕೆಯಿಂದ ಮಣ್ಣು ಸಮೇತ ಎತ್ತಿ. ಕೈಯಲ್ಲಿ ಕಿತ್ತರೆ ಬೇರಿನ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಇದ್ದರೆ ಗಾಳಿಯ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಎಂದು ಅರ್ಥ. ಇನ್ನು ಕಾಂಡ. ಉಗುರು ಒತ್ತಿದರೆ ಇಳಿಯಬೇಕು. ಮುರಿದಾಗ ಉದ್ದಕ್ಕೆ ನಾರು ಸುಲಿದು ಬಂತೋ, ತಡವಾಯಿತು. ಹಗ್ಗ ಹೊಸೆಯುವ ಗಿಡ ಅಲ್ವಾ, ಬಲಿತರೆ ಸುಲಭಕ್ಕೆ ಕೊಳೆಯದು. ಆ ನಾರನ್ನು ಕೊಳೆಸುವ ಜೀವಾಣುಗಳು ಮಣ್ಣಿನಲ್ಲಿರುವ ಸಾರಜನಕವನ್ನೂ ತಾವೇ ತಿನ್ನುತ್ತವೆ. ಪೈರು ಹಳದಿಯಾಗುವುದು ಇದಕ್ಕೇ. ಅಲ್ಲೊಂದು ಇಲ್ಲೊಂದು ಹಳದಿ ಹೂ ಕಂಡ ವಾರವೇ ಸರಿಯಾದ ಸಮಯ. ಸಾಮಾನ್ಯವಾಗಿ 45ರಿಂದ 50ನೇ ದಿನ. ಗದ್ದೆ ತುಂಬಾ ಹೂ ಬಿಟ್ಟರೆ ಫೋಟೊಗೆ ಚೆಂದ, ಮಣ್ಣಿಗಲ್ಲ.

ಎರಡು ಮೂರು ಇಂಚು ನೀರು ಕಟ್ಟಿ. ಟ್ರ್ಯಾಕ್ಟರ್ ಹೋಗುವ ದಿಕ್ಕಿಗೇ ಹಲಗೆಯಿಂದ ಗಿಡ ಮಲಗಿಸಿ, ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಪಂಜರ ಚಕ್ರ) ಹಾಕಿ ಎರಡು ಸಲ ತುಳಿಸಿ. ಗಿಡಗಳು ಅಡ್ಡಾದಿಡ್ಡಿ ಬಿದ್ದರೆ ಚಕ್ರಕ್ಕೆ ಸುತ್ತಿಕೊಂಡು ಚಾಲಕ ನಿಮ್ಮನ್ನೇ ಬೈಯುತ್ತಾನೆ. ಕಳೆನಾಶಕ ಹೊಡೆದು ಒಣಗಿಸಿ ಉಳುವ ಅಡ್ಡದಾರಿಯನ್ನು ಕೆಲವರು ಹೇಳಿಕೊಡುತ್ತಾರೆ. ಬೇಡ. ಹಸಿಯಾಗಿ ಸೇರಬೇಕಾದ್ದನ್ನು ಒಣಗಿಸಿ ಸೇರಿಸುವುದೇಕೆ? ಬೇಗ ಕೊಳೆಸುತ್ತೆ ಅಂತ ಮಾರುವ ದ್ರಾವಣಕ್ಕೂ ಸುಮ್ನೆ ದುಡ್ಡು ಸುರಿಯಬೇಡಿ. ಎಳೆ ಗಿಡಕ್ಕೆ ನೀರೇ ಸಾಕು.

ನಾಟಿಗೆ ಹತ್ತು ದಿನವಾದರೂ ಬಿಡಿ. ನೀರು ಆರಬಾರದು. ಕೆಸರಿಗೆ ಕಾಲಿಟ್ಟಾಗ ಬುಳುಬುಳು ಗುಳ್ಳೆ ಎದ್ದು ನಾತ ಬಂದರೆ ಇನ್ನೂ ಕೊಳೆಯುತ್ತಿದೆ. ಅದರಲ್ಲಿ ನೆಟ್ಟ ಪೈರಿನ ಬೇರು ಕಪ್ಪಾಗುತ್ತೆ. ಆಳು ಸಿಕ್ಕರು ಅಂತ ಆತುರ ಬೀಳಬೇಡಿ. ಒಟ್ಲು (ಸಸಿಮಡಿ) ಬಿಡುವ ದಿನವನ್ನೂ ಈ ಲೆಕ್ಕ ಹಿಡಿದೇ ಗೊತ್ತುಮಾಡಿ.

ಬದುವಿನ ಪಕ್ಕದ ಒಂದು ಪಟ್ಟಿಯನ್ನು ಉಳದೆ ಬಿಡಿ. ಅಲ್ಲಿ ಕಾಯಿ ಬಲಿತರೆ ಮುಂದಿನ ವರ್ಷಕ್ಕೆ ಬೀಜವಾಯಿತು. ಭತ್ತ ಕೊಯ್ದ ಮೇಲೆ ತೇವ ಆರುವ ಮುಂಚೆ ಹುರುಳಿಯನ್ನೋ ಅಲಸಂದೆಯನ್ನೋ ಚೆಲ್ಲಿ.