ಮೊದಲ ಸಲ ರೋಮ್‌ಗೆ ಹೊರಟಿದ್ದೀರಾ? ಹೀಗೆ ಸುತ್ತಿ

ರೋಮ್‌ಗೆ ಹೋದ ಹೊಸಬರು ಒಂದೇ ದಿನಕ್ಕೆ ಹತ್ತು ಜಾಗ ನೋಡಲು ಹೊರಡುತ್ತಾರೆ. ಸಂಜೆ ಹೊತ್ತಿಗೆ ಕಾಲು ಸೋತಿರುತ್ತದೆ, ಫೋನ್ ತುಂಬ ಫೋಟೊ ಇರುತ್ತದೆ, ತಲೆಯಲ್ಲಿ ಮಾತ್ರ ಏನೂ ಉಳಿದಿರುವುದಿಲ್ಲ. ಈ ಊರು ಬೆಳೆದಿದ್ದೇ ಒಂದರ ಮೇಲೊಂದು ಪದರವಾಗಿ. ಆ ಪದರಗಳು ಕಣ್ಣಿಗೆ ಕಾಣಬೇಕಾದರೆ ನಿಧಾನ ಬೇಕು. ದಿನಕ್ಕೆ ಎರಡು-ಮೂರು ಜಾಗ ಸಾಕು.

ಹೊರಡುವ ಮುಂಚೆ

ಇಟಲಿಗೆ ಷೆಂಗೆನ್ ವೀಸಾ (ಯುರೋಪಿನ ಹಲವು ದೇಶಗಳಿಗೆ ಸೇರಿ ಒಂದೇ ವೀಸಾ) ಬೇಕು. ಪ್ರಯಾಣಕ್ಕೆ ಆರು ತಿಂಗಳು ಇರುವಾಗಿನಿಂದಲೇ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮುಂಚೆ, ಆದರೆ ಅಲ್ಲಿಯವರೆಗೆ ಕಾಯಬೇಡಿ. ರಜೆ ಸಮಯದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ. ಕನಿಷ್ಠ 30,000 ಯೂರೊ ಮೊತ್ತದ ಪ್ರವಾಸ ಆರೋಗ್ಯ ವಿಮೆ ಕಡ್ಡಾಯ. ಏಪ್ರಿಲ್, ಮೇ, ಅಕ್ಟೋಬರ್ ತಿಂಗಳುಗಳು ಓಡಾಡಲು ಚೆನ್ನ. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜೋರು.

ಕೊಲೊಸಿಯಂ ಎಂಬ ಪ್ರಾಚೀನ ಅಖಾಡದ ಟಿಕೆಟ್ ಮನೆಯಿಂದಲೇ ತೆಗೆದುಕೊಳ್ಳಿ. ಅಧಿಕೃತ ವೆಬ್‌ಸೈಟಿನಲ್ಲಿ 30 ದಿನ ಮುಂಚೆ ಬಿಡುತ್ತಾರೆ, ಬೇಗ ಖಾಲಿಯಾಗುತ್ತದೆ. ಟಿಕೆಟ್ ಮೇಲೆ ನಿಮ್ಮ ಹೆಸರಿರುತ್ತದೆ. ಪಾಸ್‌ಪೋರ್ಟ್ ಜೊತೆಗಿರಲಿ.

ಫಿಯುಮಿಚಿನೊ ವಿಮಾನ ನಿಲ್ದಾಣದಿಂದ ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷದಲ್ಲಿ ಟರ್ಮಿನಿ ಸ್ಟೇಷನ್ ಮುಟ್ಟಿಸುತ್ತದೆ. ಟ್ರಾಸ್ಟೆವೆರೆ ಕಡೆ ಉಳಿದುಕೊಳ್ಳುವವರು ಅದರ ಬದಲು ಎಫ್‌ಎಲ್1 ಲೋಕಲ್ ರೈಲು ಹತ್ತಿ. ದುಡ್ಡೂ ಉಳಿಯುತ್ತದೆ.

ಮೊದಲ ಬೆಳಿಗ್ಗೆ ಸ್ಯಾನ್ ಕ್ಲೆಮೆಂಟೆ

ಎಲ್ಲರೂ ಮೊದಲು ಕೊಲೊಸಿಯಂಗೆ ಓಡುತ್ತಾರೆ. ನೀವು ಅಲ್ಲಿಂದ ಕೆಲವೇ ನಿಮಿಷ ನಡೆದು ಸ್ಯಾನ್ ಕ್ಲೆಮೆಂಟೆ ಚರ್ಚ್‌ಗೆ ಹೋಗಿ. ರೋಮ್ ಹೇಗೆ ಬೆಳೆಯಿತು ಎಂದು ಇಷ್ಟು ಸಲೀಸಾಗಿ ತಿಳಿಸುವ ಜಾಗ ನನಗೆ ಬೇರೆ ಗೊತ್ತಿಲ್ಲ.

ಒಳಗೆ ಕಾಲಿಟ್ಟಾಗ ಕಾಣುವುದು 12ನೇ ಶತಮಾನದ ಚರ್ಚ್, ಚಿನ್ನದ ಬಣ್ಣದ ಮೊಸಾಯಿಕ್. ನೆಲಮಾಳಿಗೆಗೆ ಬೇರೆ ಟಿಕೆಟ್, ಅದನ್ನು ಖಂಡಿತ ತೆಗೆದುಕೊಳ್ಳಿ. ಮೆಟ್ಟಿಲಿಳಿದರೆ 4ನೇ ಶತಮಾನದ ಇನ್ನೊಂದು ಚರ್ಚ್ ಇದೆ, ಗೋಡೆ ಮೇಲೆ ಮಾಸಿದ ಚಿತ್ರಗಳಿವೆ. ಇನ್ನೂ ಕೆಳಗಿಳಿಯಿರಿ. ಇಟ್ಟಿಗೆಯ ಇಕ್ಕಟ್ಟು ಓಣಿಗಳು, ತಣ್ಣನೆ ಗಾಳಿ, ಎಲ್ಲೋ ನೀರು ಹರಿಯುವ ಸದ್ದು. ಇದು ಒಂದನೇ ಶತಮಾನದ ರೋಮ್. ಅಲ್ಲೇ ಮಿತ್ರಾಸ್ ದೇವರ ಪುಟ್ಟ ಗುಡಿ. ಎರಡೂ ಬದಿ ಕಲ್ಲಿನ ಜಗಲಿ, ನಡುವೆ ದೇವರು ಗೂಳಿಯನ್ನು ಕೊಲ್ಲುವ ಕೆತ್ತನೆಯ ಬಲಿಪೀಠ. 1857ರಲ್ಲಿ ಇಲ್ಲಿನ ಐರಿಷ್ ಪಾದ್ರಿ ಜೋಸೆಫ್ ಮುಲ್ಲೂಲಿ ಅಗೆಸಲು ಶುರುಮಾಡುವ ತನಕ ಇದೆಲ್ಲ ಮಣ್ಣಿನಡಿಯೇ ಇತ್ತು.

ಆಮೇಲೆ ಕೊಲೊಸಿಯಂ, ಫೋರಂ

ಈಗ ಕೊಲೊಸಿಯಂಗೆ ಬನ್ನಿ. ಕ್ರಿ.ಶ. 80ರಲ್ಲಿ ಟೈಟಸ್ ಚಕ್ರವರ್ತಿ ಉದ್ಘಾಟಿಸಿದ ಅಖಾಡ ಇದು. ಇದೇ ಟಿಕೆಟ್‌ನಲ್ಲಿ ಹಳೆಯ ನಗರದ ನಡುವಿನ ಚೌಕವಾದ ರೋಮನ್ ಫೋರಂ, ಪಕ್ಕದ ಪ್ಯಾಲಟೈನ್ ಗುಡ್ಡವೂ ಸೇರಿದೆ. ನನ್ನನ್ನು ಕೇಳಿದರೆ ಫೋರಂಗೆ ಜಾಸ್ತಿ ಹೊತ್ತು ಕೊಡಿ. ಅಲ್ಲಿ ಮ್ಯಾಕ್ಸೆಂಟಿಯಸ್ ಬಸಿಲಿಕಾ ಎಂಬ ಭಾರಿ ಕಮಾನುಗಳ ಕಟ್ಟಡವಿದೆ. ಅದರ ಅಡಿಯಲ್ಲಿರುವುದು ಡೊಮಿಷಿಯನ್ ಚಕ್ರವರ್ತಿ ಕಾಲದ ಕಾಳುಮೆಣಸಿನ ಉಗ್ರಾಣ! ಮೆಣಸು ಹೋಗುತ್ತಿದ್ದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ರೋಮನ್ ನಾಣ್ಯಗಳು ಚಿತ್ರದುರ್ಗದ ಚಂದ್ರವಳ್ಳಿಯಲ್ಲೂ ಬೆಂಗಳೂರಿನ ಯಶವಂತಪುರದಲ್ಲೂ ಸಿಕ್ಕಿವೆ. ಇದು ಗೊತ್ತಿದ್ದು ಆ ಕಮಾನಿನ ಕೆಳಗೆ ನಿಂತರೆ ಖುಷಿಯೇ ಬೇರೆ.

ನೀರಿನ ಬಾಟಲಿ ಕೊಳ್ಳಬೇಡಿ, ಖಾಲಿ ಬಾಟಲಿ ಒಯ್ಯಿರಿ. ಬೀದಿಬೀದಿಯಲ್ಲಿ ‘ನಾಸೋನೆ’ ಎಂಬ ಕಬ್ಬಿಣದ ನಲ್ಲಿಕಂಬಗಳಿವೆ. 1870ರ ದಶಕದಿಂದಲೂ ಇರುವ ಈ ನಲ್ಲಿಗಳಲ್ಲಿ ಕುಡಿಯುವ ನೀರು ಸದಾ ಹರಿಯುತ್ತದೆ. ನಲ್ಲಿಯ ಬಾಯಿಯನ್ನು ಬೆರಳಿಂದ ಮುಚ್ಚಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಬಗ್ಗದೆ ಕುಡಿಯಬಹುದು.

ಚಿಲ್ಲರೆ ಇಟ್ಟುಕೊಂಡು ಚರ್ಚ್‌ಗೆ

ಎರಡನೇ ದಿನ ಪ್ಯಾಂಥಿಯನ್, ಈಗ ಚರ್ಚ್ ಆಗಿರುವ ಪ್ರಾಚೀನ ರೋಮನ್ ಗುಡಿ. ನೆಲದಿಂದ ಗುಮ್ಮಟದ ತುದಿಗೆ ಎಷ್ಟು ಎತ್ತರವೋ ಅಷ್ಟೇ ಅಗಲ, ಸುಮಾರು 43 ಮೀಟರ್. ನಡುವಿನ ತೆರೆದ ಕಿಂಡಿಯಿಂದ ಮಳೆ ಬಂದರೆ ಒಳಗೇ ಬೀಳುತ್ತದೆ. ನೆಲದಲ್ಲಿ ನೀರು ಹೋಗುವ ತೂತುಗಳನ್ನು ಹುಡುಕಿ ನೋಡಿ.

ಅಲ್ಲಿಂದ ಹತ್ತಿರದ ಸ್ಯಾನ್ ಲುಯಿಜಿ ದೇಯಿ ಫ್ರಾಂಚೆಜಿ ಚರ್ಚ್‌ಗೆ ಹೋಗಿ. ಪ್ರವೇಶ ಉಚಿತ, ಮಧ್ಯಾಹ್ನ ಮುಚ್ಚುತ್ತಾರೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ. ಎಡಗಡೆ ಕೊನೆಯ ಚಾಪೆಲ್‌ನಲ್ಲಿ (ಪುಟ್ಟ ಪ್ರಾರ್ಥನಾ ಕೋಣೆ) ಇಟಲಿಯ ಹೆಸರಾಂತ ಚಿತ್ರಕಾರ ಕಾರವಾಜೊ ಬರೆದ ಮೂರು ಚಿತ್ರಗಳಿವೆ. ಪೆಟ್ಟಿಗೆಗೆ ನಾಣ್ಯ ಹಾಕಿದರೆ ದೀಪ ಹತ್ತಿ, ಸ್ವಲ್ಪ ಹೊತ್ತಿಗೆ ಆರುತ್ತದೆ. ಎಡಗಡೆಯ ಚಿತ್ರದಲ್ಲಿ ಏಸು ಬಂದು ಸುಂಕ ವಸೂಲಿಗಾರ ಮತ್ತಾಯನನ್ನು ಶಿಷ್ಯನಾಗಲು ಕರೆಯುತ್ತಿದ್ದಾನೆ. ಮೇಜಿನ ತುದಿಯ ಹುಡುಗ ತಲೆಯನ್ನೇ ಎತ್ತಿಲ್ಲ, ದುಡ್ಡಿನ ಮೇಲೇ ಅವನ ಕಣ್ಣು. ಅವನನ್ನು ನೋಡಲಿಕ್ಕಾದರೂ ಇನ್ನೊಂದು ನಾಣ್ಯ ಹಾಕಿ.

ಊಟ-ತಿಂಡಿ

ಕಾಫಿಯನ್ನು ಕೌಂಟರ್ ಬಳಿ ನಿಂತು ಕುಡಿಯಿರಿ. ಕುಳಿತರೆ ಹಲವು ಕಡೆ ರೇಟ್ ಜಾಸ್ತಿ. ಸಸ್ಯಾಹಾರಿಗಳು ‘ಸೆನ್ಜಾ ಕಾರ್ನೆ’ ಎಂದರೆ ಮಾಂಸ ಬೇಡ ಎಂದು ಅರ್ಥವಾಗುತ್ತದೆ. ಸುಪ್ಲಿ ಎಂಬ ಕರಿದ ಅನ್ನದುಂಡೆಯಲ್ಲಿ ಎಷ್ಟೋ ಸಲ ಮಾಂಸ ಇರುತ್ತದೆ, ಕೇಳಿಯೇ ತಿನ್ನಿ. ಕಾಚೊ ಎ ಪೆಪೆ ಎಂಬ ಪಾಸ್ತಾದಲ್ಲಿರುವುದು ಚೀಸ್, ಕಾಳುಮೆಣಸು ಅಷ್ಟೆ. ಆದರೆ ಆ ಪೆಕೊರಿನೊ ಚೀಸ್ ಮಾಡುವಾಗ ಹಾಲು ಒಡೆಯಲು ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುತ್ತಾರೆ. ಅದೂ ಬೇಡ ಎನ್ನುವವರಿಗೆ ಮರಿನಾರಾ ಪಿಜ್ಜಾ ಇದೆ. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ, ಎಣ್ಣೆ ಮಾತ್ರ.