ಕಾಲು ಕೆಳಗಿಡಬೇಡಿ: ಬೆಂಗಳೂರಿಗೆ ಹೊಸದಾಗಿ ಬಂದವರಿಗೆ ಟೂ ವೀಲರ್ ಡಿಎಲ್ ಟೆಸ್ಟಿನ ಪಾಠ

ರಾಣೆಬೆನ್ನೂರಿನಿಂದ ಮದುವೆಯಾಗಿ ಕೆಂಗೇರಿ ಉಪನಗರಕ್ಕೆ ಬಂದು ನನಗೆ 14 ವರ್ಷ. ನಮ್ಮ ಬೀದಿಗೆ ಕೊಪ್ಪಳ, ಗದಗ, ಸಿಂಧನೂರು ಕಡೆಯಿಂದ ಕೆಲಸಕ್ಕೆ ಬರುವ ಹುಡುಗಿಯರು ಬಾಡಿಗೆ ಮನೆಗೆ ಸೇರಿದ ತಿಂಗಳೊಳಗೆ ಬಂದು ಕೇಳುತ್ತಾರೆ: "ಅಕ್ಕಾ, ಇಲ್ಲಿ ಡಿಎಲ್ ಹೆಂಗ್ ಮಾಡಿಸೋದು? ಊರಾಗ ಗಾಡಿ ಓಡಿಸ್ತಿದ್ದೆ, ಟೆಸ್ಟ್ ಏನ್ ದೊಡ್ಡದಲ್ಲ ಬಿಡ್ರಿ."

ಆ ಎರಡನೇ ಮಾತು ಕೇಳಿದ ತಕ್ಷಣ ನನಗೆ ನಗು ಬರುತ್ತದೆ. ನಾನೂ ಹಾಗೇ ಅಂದುಕೊಂಡು ಹೋಗಿ ಫೇಲಾದವಳು. ಹೈಸ್ಕೂಲಿನಲ್ಲಿದ್ದಾಗಲೇ ಅಪ್ಪನ ಟಿವಿಎಸ್ ಎಕ್ಸ್‌ಎಲ್ ಹತ್ತಿ ಹೊಲದ ದಾರಿಯಲ್ಲಿ ತಿರುಗಿದ್ದೆ. (ಅದು ತಪ್ಪು. ಆಗ ಯಾರೂ ಕೇಳುತ್ತಿರಲಿಲ್ಲ, ಅಷ್ಟೇ.) ಇಲ್ಲಿ ಟೆಸ್ಟಿನಲ್ಲಿ ಎಂಟು ಹಾಕುವಾಗ, ಅಂದರೆ 8ರ ಆಕಾರದಲ್ಲಿ ಗಾಡಿ ತಿರುಗಿಸುವಾಗ, ಎರಡನೇ ತಿರುವಿನಲ್ಲಿ ಎಡಗಾಲು ತಾನಾಗಿಯೇ ನೆಲಕ್ಕೆ ಇಳಿಯಿತು. ಇನ್ಸ್‌ಪೆಕ್ಟರ್ ಬೈಯಲಿಲ್ಲ, ಏನೂ ಅನ್ನಲಿಲ್ಲ. ಕೈಯಲ್ಲೇ "ಆಯ್ತು, ಹೋಗಿ" ಅಂದರು. ತಪ್ಪು ನನ್ನದೇ. ಹೊಲದ ದಾರಿಯಲ್ಲಿ ಗಾಡಿ ವಾಲಿದರೆ ಕಾಲು ಕೊಡುವುದೇ ನನಗೆ ರೂಢಿಯಾಗಿತ್ತು. ಟೆಸ್ಟಿನಲ್ಲಿ ನೋಡುವುದು ಅದನ್ನೇ.

ಮೊದಲು ಕಾಗದದ ಕೆಲಸ ಮುಗಿಸಿಬಿಡೋಣ. ಸರ್ಕಾರದ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ, ಅಂದರೆ ಲರ್ನರ್ಸ್ ಲೈಸೆನ್ಸ್‌ಗೆ, ಅರ್ಜಿ ಹಾಕಬೇಕು. ನಮ್ಮ ಕಡೆ ಎಲ್ಲರೂ ಎಲ್‌ಎಲ್‌ಆರ್ ಅನ್ನುತ್ತಾರೆ, ಎರಡೂ ಒಂದೇ. ಅದರ ಕಂಪ್ಯೂಟರ್ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು. ರಸ್ತೆ ಚಿಹ್ನೆಗಳನ್ನು ಎರಡು ಸಂಜೆ ಕೂತು ನೋಡಿಕೊಂಡರೆ ಸಾಕು. ಕೇಂದ್ರದ ನಿಯಮದಲ್ಲಿ ಒಂದು ಬಗೆಯ ಗಾಡಿಗೆ ಎಲ್‌ಎಲ್ ಶುಲ್ಕ 150 ರೂಪಾಯಿ, ಅದರ ಪರೀಕ್ಷೆಗೆ 50. ಮುಂದೆ ಗಾಡಿ ಓಡಿಸುವ ಟೆಸ್ಟಿಗೆ 300, ಡಿಎಲ್‌ಗೆ 200. ಸಾವಿರಗಟ್ಟಲೆ ಕೇಳುವವರು ಸಿಕ್ಕರೆ ಈ ಲೆಕ್ಕ ನೆನಪಿರಲಿ. 40 ದಾಟಿದವರು ಡಾಕ್ಟರ್ ಸಹಿ ಇರುವ ಫಾರಂ 1ಎ ಕೊಡಬೇಕು. ಎಲ್‌ಎಲ್ ಆರು ತಿಂಗಳು ನಡೆಯುತ್ತದೆ. ಅದು ಬಂದು 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟಿಗೆ ಸ್ಲಾಟ್ ತೆಗೆದುಕೊಳ್ಳಬಹುದು. ಐದನೇ ತಿಂಗಳವರೆಗೆ ಸುಮ್ನೆ ಕೂರಬೇಡಿ. ಒಂದು ಸಲ ಫೇಲಾದರೆ ಮತ್ತೆ ಹೋಗಲು ಏಳು ದಿನ ಕಾಯಬೇಕು. ಮೂರು ಸಲ ಫೇಲಾದರೆ 60 ದಿನ. ಅಷ್ಟರಲ್ಲಿ ಎಲ್‌ಎಲ್ ಮುಗಿದುಹೋಗಿರುತ್ತದೆ.

ಅರ್ಜಿ ಹಾಕುವಾಗಲೇ ಒಂದು ವಿಷಯ ತೀರ್ಮಾನ ಮಾಡಿ: ಗೇರ್ ಇರುವ ಗಾಡಿಯೋ, ಇಲ್ಲದ್ದೋ? ಸ್ಕೂಟರ್ ತೆಗೆದುಕೊಂಡು ಹೋಗಿ ಟೆಸ್ಟ್ ಕೊಟ್ಟರೆ ಗೇರ್ ಇಲ್ಲದ ಗಾಡಿಗೆ ಮಾತ್ರ ಡಿಎಲ್. ನಾಳೆ ತಮ್ಮನ ಸ್ಪ್ಲೆಂಡರ್ ಓಡಿಸುವ ಹಾಗಿಲ್ಲ. ಆಮೇಲೆ ಸೇರಿಸಬೇಕೆಂದರೆ ಮತ್ತೆ ಎಲ್‌ಎಲ್, ಮತ್ತೆ ಟೆಸ್ಟ್. ಬೈಕ್ ಓಡಿಸಲು ಬರುವವರು ಮೊದಲ ಸಲವೇ ಗೇರ್ ಗಾಡಿಯಲ್ಲಿ ಕೊಡಿ. ಬರದವರು ಡಿಎಲ್ ಸಲುವಾಗಿ ಮಾತ್ರ ಬೈಕ್ ಕಲಿಯಲು ಹೋಗಬೇಡಿ, ಆ ಒದ್ದಾಟ ಬೇಡ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಡಿಎಲ್ ಬೇಡ ಎಂದು ಯಾರೋ ಹೇಳಿರುತ್ತಾರೆ. ಗಂಟೆಗೆ 25 ಕಿಲೋಮೀಟರ್ ದಾಟದ, 250 ವ್ಯಾಟ್ ಒಳಗಿನ ಸಣ್ಣ ಗಾಡಿಗೆ ಮಾತ್ರ ಆ ಮಾತು. ಏಥರ್, ಓಲಾ ಥರದ್ದಕ್ಕೆಲ್ಲ ಡಿಎಲ್ ಬೇಕೇ ಬೇಕು. 16ಕ್ಕೆ ಡಿಎಲ್ ಸಿಗುತ್ತದೆ ಎನ್ನುವುದೂ ಅಷ್ಟೇ. ಅದು ಗೇರ್ ಇಲ್ಲದ 50 ಸಿಸಿ ಗಾಡಿಗೆ. ಈಗಿನ ಸ್ಕೂಟರ್‌ಗಳೆಲ್ಲ 110, 125 ಸಿಸಿ, ಅವಕ್ಕೆ 18 ತುಂಬಿರಬೇಕು. ಪಿಯುಸಿ ಮಗನ ಕೈಗೆ ಕೀ ಕೊಟ್ಟು ಸಿಕ್ಕಿಬಿದ್ದರೆ ಅಪ್ಪ ಅಮ್ಮನಿಗೆ 25,000 ದಂಡ, ಜೈಲೂ ಆಗಬಹುದು.

ಇನ್ನು ಎಂಟು. ನಮ್ಮ ಮನೆಯವರು ಕಲಿಸಿದ್ದು ಹೀಗಿತ್ತು: ಪಕ್ಕದಲ್ಲಿ ಓಡುತ್ತಾ "ಬ್ರೇಕ್! ಬ್ರೇಕ್!" ಎಂದು ಕೂಗುವುದು. ದಯವಿಟ್ಟು ಗಂಡನ ಹತ್ತಿರ ಕಲಿಯಬೇಡಿ. ಫೇಲಾದ ಮೇಲೆ ನಾನೇ ಭಾನುವಾರ ಬೆಳಿಗ್ಗೆ ಆರಕ್ಕೆ, ಮನೆ ಇನ್ನೂ ಏಳದ ಒಂದು ಲೇಔಟಿಗೆ ಗಾಡಿ ತೆಗೆದುಕೊಂಡು ಹೋದೆ. ನೀರಿನ ಎರಡು ಕ್ಯಾನ್‌ಗಳನ್ನು ಹದಿನೈದು ಹೆಜ್ಜೆ ದೂರದಲ್ಲಿಟ್ಟು ಸುತ್ತ ಎಂಟು ಹಾಕಿದೆ. ಸರಾಗವಾದ ಮೇಲೆ ಹನ್ನೆರಡು ಹೆಜ್ಜೆ, ಆಮೇಲೆ ಹತ್ತು. ಮೊದಲ ದಿನವೇ ಚಿಕ್ಕ ಎಂಟಿಗೆ ಕೈ ಹಾಕಿದರೆ ಭಯವೇ ಅಭ್ಯಾಸವಾಗುತ್ತದೆ.

ಎಲ್ಲ ನಿಂತಿರುವುದು ಕಣ್ಣಿನ ಮೇಲೆ. ಮುಂದಿನ ಚಕ್ರ ನೋಡಿದರೆ ಬೀಳುತ್ತೀರಿ. ಕ್ಯಾನ್ ನೋಡಿದರೆ ಕ್ಯಾನಿಗೇ ಗುದ್ದುತ್ತೀರಿ. ಗಾಡಿ ಎಲ್ಲಿಗೆ ಹೋಗಬೇಕೋ ಅಲ್ಲಿಗೆ ಮುಖ ತಿರುಗಿಸಬೇಕು, ಬರೀ ಕಣ್ಣಲ್ಲ, ಗದ್ದ ಸಮೇತ. ಅರ್ಧ ತಿರುವಿನಲ್ಲಿರುವಾಗಲೇ ಮುಂದಿನ ತಿರುವು ನೋಡುತ್ತಿರಬೇಕು. ಪಕ್ಕದ ಮನೆಯ ಹುಡುಗಿಗೆ ನಾನು ಎದುರಿಗೆ ನಿಂತು "ನನ್ನ ಮುಖ ನೋಡು" ಎನ್ನುತ್ತಾ ಜಾಗ ಬದಲಿಸುತ್ತಾ ಹೋದೆ. ಎರಡು ವಾರ ಬರದಿದ್ದ ಎಂಟು ಅವಳಿಗೆ ಹತ್ತು ನಿಮಿಷದಲ್ಲಿ ಬಂತು.

ಎರಡನೆಯದು ಕೈ. ತಿರುವಿನಲ್ಲಿ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಗಾಡಿ ವಾಲುತ್ತದೆ, ಕಾಲು ಇಳಿಯುತ್ತದೆ. ಆಕ್ಸಿಲರೇಟರ್ ಚೂರು ಕೊಟ್ಟೇ ಇರಬೇಕು. ಜಾಸ್ತಿಯಾದ ವೇಗವನ್ನು ಹಿಂದಿನ ಬ್ರೇಕ್ ಮೆಲ್ಲಗೆ ಹಿಡಿದು ತಗ್ಗಿಸಬೇಕು. ಸ್ಕೂಟರಿನಲ್ಲಿ ಅದು ಎಡಗೈ, ಬೈಕಿನಲ್ಲಿ ಬಲಗಾಲು. ಬೈಕಿನವರು ಮೊದಲ ಗೇರಿನಲ್ಲಿ ಹಾಫ್ ಕ್ಲಚ್‌ನಲ್ಲೇ ಇರಿ. ಹ್ಯಾಂಡಲ್ ತಿರುಗಿರುವಾಗ ಮುಂದಿನ ಬ್ರೇಕ್ ಮುಟ್ಟಲೇಬೇಡಿ, ಮುಂದಿನ ಚಕ್ರ ಮಡಚಿಕೊಂಡು ಗಾಡಿ ಸೀದಾ ಕೆಳಗೆ. 2019ರಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಸಿಬಿಎಸ್ (ಎರಡೂ ಚಕ್ರಕ್ಕೆ ಒಟ್ಟಿಗೆ ಬ್ರೇಕ್ ಹಿಡಿಯುವ ವ್ಯವಸ್ಥೆ) ಅಥವಾ ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯ. ಸಿಬಿಎಸ್ ಇರುವ ಸ್ಕೂಟರಿನಲ್ಲಿ ಎಡಗಡೆ ಬ್ರೇಕ್ ಹಿಡಿದರೂ ಮುಂದಿನ ಚಕ್ರಕ್ಕೆ ಸ್ವಲ್ಪ ಹಿಡಿತ ಹೋಗುತ್ತದೆ. ಹಳೇ ಗಾಡಿಯಲ್ಲಿ ಕಲಿತು ಹೊಸ ಗಾಡಿಯಲ್ಲಿ ಟೆಸ್ಟ್ ಕೊಡುವವರು ಇದರ ರುಚಿ ಮೊದಲೇ ನೋಡಿಕೊಳ್ಳಿ. ಎಲೆಕ್ಟ್ರಿಕ್ ಗಾಡಿಯಾದರೆ ಇನ್ನೂ ಹುಷಾರು, ಸದ್ದಿಲ್ಲದೆ ಮುಂದಕ್ಕೆ ಹಾರುತ್ತದೆ. ಇಕೋ ಮೋಡ್ ಇದ್ದರೆ ಅದರಲ್ಲೇ ಓಡಿಸಿ.

ಟೈರಿನ ಗಾಳಿ ಹಿಂದಿನ ದಿನವೇ ನೋಡಿ. ಮುಂದಿನ ಟೈರ್ ಮೆತ್ತಗಿದ್ದರೆ ಹ್ಯಾಂಡಲ್ ಭಾರವಾಗುತ್ತದೆ.

ಎಂಟು ಒಂದೇ ಅಲ್ಲ, ಕೈ ಸನ್ನೆಯನ್ನೂ ಕೇಳುತ್ತಾರೆ. ಬಲಕ್ಕೆ ತಿರುಗಲು ಬಲಗೈ ನೇರ ಚಾಚಿ, ಅಂಗೈ ಮುಂದಕ್ಕೆ. ಎಡಕ್ಕೆ ಹೋಗಲೂ ಬಲಗೈಯೇ, ಚಾಚಿ ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೆ ಸುತ್ತಿಸಬೇಕು. ನಿಧಾನ ಮಾಡಲು ಚಾಚಿದ ಕೈ ಮೇಲೆ ಕೆಳಗೆ. ನಿಲ್ಲಿಸಲು ಮುಂಗೈ ಮೇಲಕ್ಕೆತ್ತಿ ಅಂಗೈ ತೋರಿಸುವುದು. ಇಂಡಿಕೇಟರ್ ಹಾಕುವುದು, ಹಾಕಿದ್ದನ್ನು ತೆಗೆಯುವುದು, ಹೊರಡುವ ಮುಂಚೆ ಕನ್ನಡಿ ನೋಡುವುದು, ಇವನ್ನೂ ಕಾಣುವ ಹಾಗೆ ಮಾಡಿ.

ಜ್ಞಾನಭಾರತಿ ಆರ್‌ಟಿಓ ಕಡೆಯವರಾದರೆ ಅಲ್ಲಿರುವುದು ಆಟೋಮೇಟೆಡ್ ಟ್ರ್ಯಾಕ್. ಸೆನ್ಸರ್, ಕ್ಯಾಮೆರಾ ನೋಡುತ್ತಿರುತ್ತವೆ. "ಸಾರ್, ಇನ್ನೊಂದು ಸಲ" ಎಂದು ಕ್ಯಾಮೆರಾ ಹತ್ತಿರ ಗೋಗರೆಯಲು ಆಗುವುದಿಲ್ಲ ಅಲ್ವಾ? ಎಲ್ಲಿಗೇ ಹೋಗಲಿ, ಒಂದು ದಿನ ಮುಂಚೆ ಹೋಗಿ ಬೇಲಿಯಾಚೆ ನಿಂತು ನಾಲ್ಕು ಜನರ ಟೆಸ್ಟ್ ನೋಡಿ ಬನ್ನಿ. ಗೇಟಿನ ಹತ್ತಿರ "ಮೇಡಂ, ಗಾಡಿ ಓಡಿಸೋದೇ ಬೇಡ, ನಾನು ಮಾಡಿಸ್ತೀನಿ" ಎನ್ನುವವರು ಸಿಕ್ಕರೆ ನಿಲ್ಲದೆ ಒಳಗೆ ಹೋಗಿ.

ಟೆಸ್ಟಿನ ದಿನ ಗಾಡಿಯ ಆರ್‌ಸಿ, ಚಾಲ್ತಿಯಲ್ಲಿರುವ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್, ಎಲ್‌ಎಲ್, ಅರ್ಜಿಯ ಪ್ರಿಂಟ್ ಜೊತೆಗಿರಲಿ. ಬೇರೆಯವರಿಂದ ಕೇಳಿ ತಂದ ಗಾಡಿಯಲ್ಲಿ ಎಮಿಷನ್ ಮುಗಿದಿರುವುದು ತೀರಾ ಸಾಮಾನ್ಯ. ಐಎಸ್‌ಐ ಗುರುತಿನ ಹೆಲ್ಮೆಟ್ ಹಾಕಿ ಪಟ್ಟಿ ಬಿಗಿಯಿರಿ. ಇಲ್ಲಿ ಹಿಂದೆ ಕೂರುವವರಿಗೂ 2016ರಿಂದ ಹೆಲ್ಮೆಟ್ ಕಡ್ಡಾಯ. ಎಲ್‌ಎಲ್ ಇರುವಷ್ಟು ದಿನ ನಿಮ್ಮ ಹಿಂದೆ ಕೂರಬಹುದಾದವರು ಡಿಎಲ್ ಇರುವ, ಕಲಿಸುವವರು ಮಾತ್ರ. ಗೆಳತಿಯನ್ನು ಕೂರಿಸಿಕೊಂಡು ಕೆಂಗೇರಿ ಮೆಟ್ರೋ ಸ್ಟೇಷನ್ನಿಗೆ ಬಿಡುವ ಹಾಗಿಲ್ಲ. ಸೀರೆ, ಉದ್ದ ದುಪಟ್ಟಾ, ಹೊಸ ಚಪ್ಪಲಿ ಆ ಒಂದು ದಿನ ಬೇಡ.

ಪಾಸಾದರೆ ಕಾರ್ಡ್ ಬರುವವರೆಗೆ ಕಾಯಬೇಕು. ಆಮೇಲೆ ಡಿಜಿಲಾಕರ್‌ಗೆ ಹಾಕಿಕೊಳ್ಳಿ, ಪೊಲೀಸರು ಹಿಡಿದಾಗ ಅದನ್ನೇ ತೋರಿಸಬಹುದು. 30 ವರ್ಷದೊಳಗಿನವರಿಗೆ ಡಿಎಲ್ 40 ತುಂಬುವವರೆಗೆ ನಡೆಯುತ್ತದೆ. ಗಾಡಿಗೆ ಅಂಟಿಸಿದ ಕೆಂಪು ಎಲ್ ಸ್ಟಿಕ್ಕರನ್ನು ಉಗುರಿನಲ್ಲಿ ಕೆರೆಯಬೇಡಿ, ಪೇಂಟ್ ಏಳುತ್ತದೆ. ಕೊಬ್ಬರಿ ಎಣ್ಣೆ ಸವರಿ ಅರ್ಧ ಗಂಟೆ ಬಿಡಿ, ಅಂಟು ಮೆತ್ತಗಾಗಿ ತಾನೇ ಬರುತ್ತದೆ.