ಹಳಿ ಕಿತ್ತ ದಾರಿಯಲ್ಲಿ ಅಲೆಗೇನಿ ಬೆಟ್ಟ ದಾಟುವುದು: ಪಿಟ್ಸ್‌ಬರ್ಗ್‌ನಿಂದ ಕಂಬರ್‌ಲೆಂಡ್‌ಗೆ ಸೈಕಲ್ ಸವಾರಿ

ಬೆಟ್ಟದ ಸೀಮೆಯಲ್ಲಿ ಕಾರು, ಲಾರಿಗಳ ಕಾಟವಿಲ್ಲದೆ ದಿನಗಟ್ಟಲೆ ಸೈಕಲ್ ತುಳಿಯಬೇಕೆಂದರೆ ಹಳೇ ರೈಲು ದಾರಿಯನ್ನು ಮೀರಿಸುವಂಥದ್ದು ಇನ್ನೊಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ನಿಂದ ಮೇರಿಲ್ಯಾಂಡಿನ ಕಂಬರ್‌ಲೆಂಡ್‌ವರೆಗೆ ಹೋಗುವ ಗ್ರೇಟ್ ಅಲೆಗೇನಿ ಪ್ಯಾಸೇಜ್ ಅಂಥ ದಾರಿ. ಉದ್ದ 150 ಮೈಲಿ, ನಮ್ಮ ಲೆಕ್ಕದಲ್ಲಿ 241 ಕಿ.ಮೀ. ಮೊದಲ ತುಂಡು 1986ರಲ್ಲಿ ಒಹಾಯೋಪೈಲ್ ಬಳಿ ತೆರೆಯಿತು. ದಾರಿ ಪೂರ್ತಿಯಾದದ್ದು 2013ರಲ್ಲಿ. ಶುಲ್ಕವಿಲ್ಲ, ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಊರು ಬಂದಾಗ ಅಲ್ಲಲ್ಲಿ ರಸ್ತೆ ದಾಟುವುದನ್ನು ಬಿಟ್ಟರೆ ಉಳಿದದ್ದೆಲ್ಲ ಹೊಳೆ, ಕಾಡು, ಸೇತುವೆ, ಸುರಂಗ.

ರೈಲಿಗೆ ಕಡಿದಾದ ಏರು ಆಗಿಬರುವುದಿಲ್ಲ. ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯಲ್ಲಿ ಹಳಿ 50 ಅಡಿ ಮುಂದೆ ಹೋದರೆ 1 ಅಡಿ ಏರುತ್ತದೆ, ಅಂದರೆ ಶೇ. 2. ಅಲೆಗೇನಿಯ ಈ ದಾರಿಯಲ್ಲಿ ಅತಿ ಕಷ್ಟದ ಭಾಗವೂ ಶೇ. 1.75ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಾಗಂತ ಸಲೀಸು ಎಂದುಕೊಂಡು ಹೊರಟವರೇ ಇಲ್ಲಿ ಸುಸ್ತಾಗುವುದು. ರಸ್ತೆಯ ಘಾಟಿಯಲ್ಲಿ ಏರು ಮುಗಿದು ಇಳಿಜಾರು ಸಿಗುತ್ತದೆ, ಕಾಲಿಗೆ ಬಿಡುವು ಸಿಗುತ್ತದೆ. ಇಲ್ಲಿ ಗಂಟೆಗಟ್ಟಲೆ ಒಂದೇ ಸಮ ತುಳಿಯಬೇಕು. ಕಣ್ಣಿಗೆ ದಾರಿ ಸಮತಟ್ಟಾಗಿ ಕಾಣುತ್ತದೆ, ವೇಗ ಮಾತ್ರ ಏರುವುದಿಲ್ಲ. ಆಗ ಬ್ರೇಕ್ ಉಜ್ಜುತ್ತಿದೆಯೇನೋ, ಟೈರಿನ ಗಾಳಿ ಹೋಯಿತೇನೋ ಎಂಬ ಅನುಮಾನ ಬರುತ್ತದೆ. ಒಮ್ಮೆ ಚಕ್ರ ಎತ್ತಿ ತಿರುಗಿಸಿ ನೋಡಿ. ಎಲ್ಲ ಸರಿ ಇದ್ದರೆ ಒಂದು ಗೇರ್ ಇಳಿಸಿ ಮುಂದುವರಿಯಿರಿ, ಅಷ್ಟೇ.

ಯಾವ ಕಡೆಯಿಂದ ಹೊರಡಬೇಕು?

ಈ ದಾರಿಯ ಬಗ್ಗೆ ಮೊದಲು ಎದುರಾಗುವ ವಾದವೇ ಇದು. ಪಿಟ್ಸ್‌ಬರ್ಗ್ ಸಮುದ್ರಮಟ್ಟದಿಂದ ಸುಮಾರು 220 ಮೀಟರ್ ಎತ್ತರದಲ್ಲಿದೆ, ಕಂಬರ್‌ಲೆಂಡ್ ಸುಮಾರು 190 ಮೀಟರ್. ನೆತ್ತಿ ಈಸ್ಟರ್ನ್ ಕಾಂಟಿನೆಂಟಲ್ ಡಿವೈಡ್, 729 ಮೀಟರ್. ಅದರ ಒಂದು ಬದಿಗೆ ಬಿದ್ದ ಮಳೆನೀರು ಅಟ್ಲಾಂಟಿಕ್‌ಗೆ, ಇನ್ನೊಂದು ಬದಿಯದು ಮೆಕ್ಸಿಕೋ ಕೊಲ್ಲಿಗೆ ಹರಿಯುತ್ತದೆ. ಈ ನೆತ್ತಿ ಕಂಬರ್‌ಲೆಂಡ್‌ಗೆ ಹತ್ತಿರ, ಬರೀ 38 ಕಿ.ಮೀ. ಪಿಟ್ಸ್‌ಬರ್ಗ್ ಕಡೆಯಿಂದಾದರೆ 200 ಕಿ.ಮೀ.ಗೂ ಹೆಚ್ಚು.

ಕಂಬರ್‌ಲೆಂಡಿನಿಂದ ಹೊರಟರೆ ಮೊದಲ ದಿನವೇ ತುಂಬಿದ ಬ್ಯಾಗು, ಪಳಗದ ಕಾಲು, ಬಿಡದ ಏರು. ನಮ್ಮ ಸಲಹೆ ಪಿಟ್ಸ್‌ಬರ್ಗ್‌ನಿಂದ ಹೊರಡುವುದು. ಮೊದಲ ಎರಡು ದಿನ ಏರುತ್ತಿದ್ದೀರಿ ಎಂಬುದೇ ಗೊತ್ತಾಗುವುದಿಲ್ಲ. ಏರು ಮೈಗೆ ತಗಲುವುದು ಕಾನ್‌ಫ್ಲೂಯೆನ್ಸ್ ಎಂಬ ಊರು ದಾಟಿದ ಮೇಲೆ. ಅಷ್ಟರಲ್ಲಿ ಕಾಲು ಪಳಗಿರುತ್ತದೆ, ಬುತ್ತಿ ಖಾಲಿಯಾಗಿರುತ್ತದೆ. ಕೊನೆಯ 38 ಕಿ.ಮೀ. ಪೂರ್ತಿ ಇಳಿಜಾರು.

ನಾಲ್ಕು ದಿನಕ್ಕೆ ಹೀಗೆ ಹಂಚಿಕೊಳ್ಳಬಹುದು: ಪಿಟ್ಸ್‌ಬರ್ಗ್–ವೆಸ್ಟ್ ನ್ಯೂಟನ್ 58 ಕಿ.ಮೀ., ವೆಸ್ಟ್ ನ್ಯೂಟನ್–ಒಹಾಯೋಪೈಲ್ 68, ಒಹಾಯೋಪೈಲ್–ರಾಕ್‌ವುಡ್ 45, ರಾಕ್‌ವುಡ್–ಕಂಬರ್‌ಲೆಂಡ್ 71. ಮೂರನೆಯ ದಿನ ಚಿಕ್ಕದಾಗಿರುವುದು ಬೇಕೆಂದೇ. ಒಹಾಯೋಪೈಲ್‌ನಲ್ಲಿ ಜಲಪಾತ ಊರೊಳಗೇ ಇದೆ, ಬೆಳಗಿನ ಹೊತ್ತು ಅದಕ್ಕೆ ಮೀಸಲಿಡಿ. ಒಂದೇ ದಿನ ಬಿಡುವಿದ್ದರೆ ಕಾನ್‌ಫ್ಲೂಯೆನ್ಸ್‌ನಿಂದ ಒಹಾಯೋಪೈಲ್ ಮೂಲಕ ಕಾನಲ್ಸ್‌ವಿಲ್‌ವರೆಗೆ 43 ಕಿ.ಮೀ. ತುಳಿಯಿರಿ. ಯಾಕಿಗೇನಿ ನದಿಯ ಕಣಿವೆಯ ಅತ್ಯಂತ ಚೆಲುವಾದ ಭಾಗ ಅದು, ಜತೆಗೆ ಹೊಳೆ ಹರಿಯುವ ದಿಕ್ಕಿಗೇ ಇಳಿಯುತ್ತದೆ.

ದಾರಿಯ ಮೈ ಮತ್ತು ಟೈರು

ಪಿಟ್ಸ್‌ಬರ್ಗ್‌ನಿಂದ ಮೆಕೀಸ್‌ಪೋರ್ಟ್‌ವರೆಗೆ ಹೆಚ್ಚಿನ ಭಾಗ ಡಾಂಬರು. ಅಲ್ಲಿಂದಾಚೆಗೆ ಸುಣ್ಣಕಲ್ಲಿನ ಸಣ್ಣ ಜಲ್ಲಿಪುಡಿ ಹಾಸಿ ದಮ್ಮಸು ಮಾಡಿದ ದಾರಿ. ಈ ಪುಡಿ ತುಸು ತೇವವಾದಾಗ ಒಂದಕ್ಕೊಂದು ಹಿಡಿದುಕೊಂಡು ಗಟ್ಟಿಯಾಗುತ್ತದೆ, ಆಗ ಸವಾರಿ ಬಲು ಹಿತ. ಒಣಗಿದರೆ ಧೂಳು. ಎರಡು ದಿನ ಜಡಿಮಳೆ ಬಿದ್ದರೆ ಮೇಲ್ಪದರ ಮೆತ್ತಗಾಗಿ ಚಕ್ರವನ್ನು ಹಿಡಿಯುತ್ತದೆ, ಅಷ್ಟೇ ದೂರಕ್ಕೆ ಹೆಚ್ಚು ಶ್ರಮ ಬೇಕು. ಚಳಿಗಾಲದ ಹಿಮ ಕರಗುವ ದಿನಗಳಲ್ಲಿ ದಾರಿ ನಾದಿದ ಹಿಟ್ಟಿನಂತಿರುತ್ತದೆ. ಆಗ ಹೋಗಲೇಬೇಡಿ. ನಿಮಗೂ ಕಷ್ಟ, ಚಕ್ರ ಕೊರೆದ ಗಾಡಿಜಾಡು ಒಣಗಿ ಮುಂದೆ ಬರುವವರಿಗೂ ಕಷ್ಟ.

ಟೈರ್ 35ರಿಂದ 45 ಮಿ.ಮೀ. ಅಗಲದ್ದಿರಲಿ. ದೊಡ್ಡ ಗುಬುಟಿನ ಮೌಂಟನ್ ಬೈಕ್ ಟೈರ್ ಬೇಡ, ಶಕ್ತಿ ತಿನ್ನುತ್ತದೆ. 40 ಮಿ.ಮೀ. ಟೈರಿಗೆ, 70 ಕೆ.ಜಿ. ಆಸುಪಾಸಿನ ಸವಾರ ಮತ್ತು ಹತ್ತು ಕೆ.ಜಿ. ಸಾಮಾನು ಎಂದಾದರೆ, ಟ್ಯೂಬ್ ಇದ್ದಲ್ಲಿ ಹಿಂದೆ 45, ಮುಂದೆ 40 ಪಿಎಸ್‌ಐನಿಂದ ಶುರುಮಾಡಿ. ಟ್ಯೂಬ್‌ಲೆಸ್ ಆದರೆ ಐದಾರು ಕಡಿಮೆ ಮಾಡಿ. ಗಾಳಿ ಹೆಚ್ಚಾದರೆ ಅಂಗೈ ಜೋಮು ಹಿಡಿಯುತ್ತದೆ. ತೀರಾ ಕಡಿಮೆಯಾದರೆ ಸೇತುವೆಯ ಮರದ ಹಲಗೆ ಶುರುವಾಗುವ ಅಂಚಿಗೆ ಬಡಿದು ಟ್ಯೂಬು ರಿಮ್ಮಿಗೆ ಸಿಕ್ಕಿ ಎರಡು ತೂತಾಗುತ್ತದೆ. ಅಕ್ಕಪಕ್ಕ ಎರಡು ತೂತು ಕಂಡರೆ ಮುಳ್ಳು ಹುಡುಕುತ್ತ ಕೂರಬೇಡಿ, ಕಾರಣ ಗಾಳಿ ಸಾಲದ್ದು.

ಹಿಂದಿನ ಕ್ಯಾರಿಯರ್ ಮೇಲೇ ಎಲ್ಲ ಭಾರ ಹೇರಿದರೆ ಹಿಂಚಕ್ರದ ಕಡ್ಡಿ ಮುರಿಯುತ್ತದೆ. ಟೆಂಟು ಅಥವಾ ಹಾಸಿಗೆಯನ್ನು ಹ್ಯಾಂಡಲ್ಲಿಗೆ ಕಟ್ಟಿ. ಎರಡು ಟ್ಯೂಬ್, ಪಂಕ್ಚರ್ ಕಿಟ್, ಪಂಪು, ಚೈನ್ ಜೋಡಿಸುವ ಕೊಂಡಿ, ಒಂದು ಜೊತೆ ಬ್ರೇಕ್ ಪ್ಯಾಡ್ ಇರಲಿ. ಕಲ್ಲುಪುಡಿ ಮಳೆನೀರಿನಲ್ಲಿ ಕಲಸಿ ಉಪ್ಪುಕಾಗದದಂತೆ ಪ್ಯಾಡನ್ನು ತೇಯುತ್ತದೆ. ಚೈನಿಗೆ ಜಿಡ್ಡಿನ ಎಣ್ಣೆ ಹಾಕಿದರೆ ಧೂಳೆಲ್ಲ ಅದಕ್ಕೇ ಮೆತ್ತುತ್ತದೆ, ಮೇಣದ ಲೂಬ್ ಉತ್ತಮ.

ಬೀಳುವುದು ಎಲ್ಲಿ ಎಂಬುದೂ ಗೊತ್ತಿರಲಿ. ರಸ್ತೆ ದಾಟುವ ಕಡೆ ಕಾರು ನುಗ್ಗದಂತೆ ಕಂಬ ಅಥವಾ ಗೇಟು ಇರುತ್ತದೆ. ಮಾತಾಡುತ್ತ ಜೋಡಿಯಾಗಿ ಹೋಗುವವರು ಅದನ್ನು ಗಮನಿಸುವುದಿಲ್ಲ, ಪಕ್ಕದ ಬ್ಯಾಗು ಕಂಬಕ್ಕೆ ತಗಲುತ್ತದೆ. ಕಂಬ ಕಂಡೊಡನೆ ಒಬ್ಬರ ಹಿಂದೊಬ್ಬರಾಗಿ. ಅಕ್ಟೋಬರಿನಲ್ಲಿ ಉದುರಿದ ಎಲೆಯ ಕೆಳಗೆ ಗುಂಡಿ ಅಡಗಿರುತ್ತದೆ, ಒದ್ದೆ ಎಲೆಯ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿಯಬೇಡಿ.

ನೀರು, ಊಟ

ಕಾನಲ್ಸ್‌ವಿಲ್–ಒಹಾಯೋಪೈಲ್ ನಡುವೆ 27 ಕಿ.ಮೀ., ಕಾನ್‌ಫ್ಲೂಯೆನ್ಸ್–ರಾಕ್‌ವುಡ್ ನಡುವೆ 29, ಮೈಯರ್ಸ್‌ಡೇಲ್–ಫ್ರಾಸ್ಟ್‌ಬರ್ಗ್ ನಡುವೆ 26. ಈ ಮೂರು ಕಡೆ ಅಂಗಡಿ ಸಿಗುತ್ತದೆಂದು ನಂಬಿಕೊಂಡು ಹೋಗಬೇಡಿ. ಹೊರಡುವಾಗ ಎರಡು ಲೀಟರ್ ನೀರು ಇರಲೇಬೇಕು. ಫೋನ್ ಸಿಗ್ನಲ್ಲೂ ಕಣಿವೆಯಲ್ಲಿ ಆಗಾಗ ಮಾಯವಾಗುತ್ತದೆ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ದಾರಿಬದಿಯಲ್ಲಿ ಇಳಿಯುವ ಝರಿ ಎಷ್ಟೇ ತಿಳಿಯಾಗಿ ಕಂಡರೂ ಕುಡಿಯಬೇಡಿ. ಇದು ಕಲ್ಲಿದ್ದಲ ಸೀಮೆ. ಹಳೇ ಗಣಿಗಳ ಒಳಗಿಂದ ಬರುವ ನೀರಿನಲ್ಲಿ ಲೋಹ ಕರಗಿರುತ್ತದೆ, ವೆಸ್ಟ್ ನ್ಯೂಟನ್ ಆಚೀಚೆ ಬಂಡೆಗಳು ತುಕ್ಕಿನ ಬಣ್ಣಕ್ಕೆ ತಿರುಗಿರುವುದು ಅದಕ್ಕೇ. ಚಾರಣದ ಫಿಲ್ಟರ್ ಸೂಕ್ಷ್ಮಜೀವಿಗಳನ್ನು ತಡೆಯುತ್ತದೆ, ಕರಗಿದ ಲೋಹವನ್ನಲ್ಲ.

ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಪಿಜ್ಜಾ, ಆಲೂಗಡ್ಡೆ ಫ್ರೈಸ್ ಬಿಟ್ಟರೆ ಆಯ್ಕೆ ಕಡಿಮೆ. ಒಗ್ಗರಣೆ ಹಾಕಿ ಒಣಗಿಸಿದ ಅವಲಕ್ಕಿ, ಉಪ್ಪಿಟ್ಟಿಗೆ ಹುರಿದ ರವೆ, ಚಟ್ನಿಪುಡಿ, ಶೇಂಗಾ ಚಿಕ್ಕಿ ಒಯ್ಯಿರಿ. ಅವಲಕ್ಕಿಗೆ ಬಿಸಿನೀರು ಹಾಕಿ ಮುಚ್ಚಿಟ್ಟರೆ ಸಾಕು, ಒಲೆ ಹೊತ್ತಿಸುವ ಕೆಲಸವೂ ಇಲ್ಲ.

ಸುರಂಗಗಳು ಮತ್ತು ಕೊನೆಯ ಇಳಿಜಾರು

ಮೈಯರ್ಸ್‌ಡೇಲ್ ದಾಟಿ ನೆತ್ತಿ ತಲುಪಿದ ಮೇಲೆ ಬಿಗ್ ಸ್ಯಾವೇಜ್ ಸುರಂಗ ಸಿಗುತ್ತದೆ, ಉದ್ದ ಸುಮಾರು ಒಂದು ಕಿಲೋಮೀಟರ್. ಒಳಗೆ ದೀಪಗಳಿವೆ, ಆದರೂ ನಿಮ್ಮದೇ ಮುಂದಿನ, ಹಿಂದಿನ ದೀಪ ಹೊತ್ತಿಸಿ. ಬೇಸಿಗೆಯಲ್ಲೂ ಒಳಗೆ ಥಂಡಿ. ಬೆವೆತ ಮೈಯಲ್ಲಿ ನುಗ್ಗುವ ಬದಲು ಹೊರಗೇ ನಿಂತು ಜಾಕೆಟ್ ಹಾಕಿಕೊಳ್ಳಿ, ಹೇಗೂ ಮುಂದಿನ ಇಳಿಜಾರಿಗೆ ಬೇಕು. ಡಿಸೆಂಬರ್‌ನಿಂದ ಏಪ್ರಿಲ್ ಆರಂಭದವರೆಗೆ ಈ ಸುರಂಗದ ಬಾಗಿಲು ಮುಚ್ಚಿರುತ್ತದೆ. ಸುತ್ತಿ ಹೋಗಲು ಇರುವುದು ಕಡಿದಾದ, ವಾಹನಗಳ ರಸ್ತೆ. ಹೀಗಾಗಿ ಪೂರ್ತಿ ಪಯಣಕ್ಕೆ ಮೇ ಕೊನೆಯಿಂದ ಅಕ್ಟೋಬರ್ ನಡುವೆ ದಿನ ಗೊತ್ತುಮಾಡಿ.

ಫ್ರಾಸ್ಟ್‌ಬರ್ಗ್‌ನಿಂದ ಕೆಳಕ್ಕೆ ಪ್ರವಾಸಿ ರೈಲಿನ ಹಳಿ ಜೊತೆಗೇ ಸಾಗುತ್ತದೆ. ಹಳಿ ದಾಟಬೇಕಾದ ಕಡೆ ನೇರ ಅಡ್ಡಕ್ಕೆ ದಾಟಿ, ಓರೆಯಾಗಿ ಹೋದರೆ ಚಕ್ರ ಸಂದಿಗೆ ಇಳಿಯುತ್ತದೆ. ಬ್ರಷ್ ಸುರಂಗದೊಳಗೆ ಹಳಿಯೂ ಸೈಕಲ್ ದಾರಿಯೂ ಪಕ್ಕಪಕ್ಕದಲ್ಲೇ ಇವೆ. ರೈಲು ಬರುವ ಸದ್ದು ಕೇಳಿದರೆ ಅದು ಹೋಗುವವರೆಗೂ ಹೊರಗೇ ನಿಲ್ಲಿ. ಈ ಇಳಿಜಾರಿನಲ್ಲಿ ವೇಗ ತಾನಾಗಿ ಏರುತ್ತದೆ. ಗಂಟೆಗೆ 25 ಕಿ.ಮೀ. ದಾಟದಂತೆ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯಿರಿ, ಎದುರಿಗೆ ಏದುಸಿರು ಬಿಡುತ್ತ ಹತ್ತಿ ಬರುವವರಿಗೆ ಜಾಗ ಕೊಡಿ. ಒಬ್ಬರನ್ನು ಹಿಂದೆ ಹಾಕುವಾಗ ಬೆಲ್ ಹೊಡೆದು ಎಡಗಡೆಯಿಂದ ದಾಟಬೇಕು, ಇಲ್ಲಿ ಸಂಚಾರ ಬಲಗಡೆಗೆ.

ಕಂಬರ್‌ಲೆಂಡಿನಿಂದ ಪಿಟ್ಸ್‌ಬರ್ಗ್‌ಗೆ ಆಮ್‌ಟ್ರಾಕ್ ರೈಲಿದೆ. ಸೈಕಲ್ ಜಾಗ ಬೆರಳೆಣಿಕೆಯಷ್ಟು, ಟಿಕೆಟ್ ತೆಗೆಯುವಾಗಲೇ ಅದನ್ನೂ ಕಾಯ್ದಿರಿಸಿ. ರೈಲಿಗೆ ಕೊಡುವ ಮುನ್ನ ಬ್ಯಾಗುಗಳನ್ನೆಲ್ಲ ಬಿಚ್ಚಿಟ್ಟುಕೊಳ್ಳಬೇಕು. ಕಾಲಲ್ಲಿ ಇನ್ನೂ ಕಸುವಿದ್ದರೆ ಕಂಬರ್‌ಲೆಂಡಿನಿಂದ ವಾಷಿಂಗ್ಟನ್‌ವರೆಗೆ ಸಿ ಆ್ಯಂಡ್ ಓ (ಚೆಸಪೀಕ್ ಆ್ಯಂಡ್ ಒಹಾಯೋ) ಕಾಲುವೆಯ ದಂಡೆಯ ದಾರಿ ಮುಂದುವರಿಯುತ್ತದೆ, 184.5 ಮೈಲಿ. ಅದು ಬೇರೆಯೇ ಬಗೆ: ಏರಿಲ್ಲ, ಆದರೆ ಮಳೆ ಬಂದರೆ ಹೆಚ್ಚು ಕೆಸರು.

ಮನೆ ತಲುಪಿದ ದಿನವೇ ಸೈಕಲ್ ತೊಳೆಯಿರಿ. ಸುಣ್ಣಕಲ್ಲಿನ ರಾಡಿ ಒಣಗಿದರೆ ಸಿಮೆಂಟಿನಂತೆ ಗೇರು, ಬ್ರೇಕಿನ ಸಂದಿಗಳಲ್ಲಿ ಕಚ್ಚಿಕೊಳ್ಳುತ್ತದೆ. ಜೋರು ನೀರಿನ ಪೈಪು ಹಿಡಿದರೆ ಅದೇ ರಾಡಿ ಬೇರಿಂಗಿನೊಳಗೆ ಹೋಗುತ್ತದೆ. ಬಕೆಟ್ಟು, ಹಳೇ ಬ್ರಷ್ಷು ಸಾಕು. ಚೈನ್ ಒರೆಸಿ, ಪೂರ್ತಿ ಒಣಗಿದ ಮೇಲೆ ಹೊಸದಾಗಿ ಲೂಬ್ ಹಾಕಿ.